ಡಿಎ (ಡ್ಯುಯಲ್ ಆಕ್ಷನ್, ಸುತ್ತುತ್ತಲೇ ಓಲಾಡೋ) ಕಾರ್ ಪಾಲಿಶರ್‌ಗೆ ಯಾವ ಪ್ಯಾಡ್? ಉಣ್ಣೆ ಬಾನೆಟ್ ಸಾಕಾ?

ಪ್ರಶ್ನೆ: ಕಪ್ಪು ಕಾರು. ಬಿಸಿಲಿಗೆ ನಿಲ್ಲಿಸಿದರೆ ಮೈಯೆಲ್ಲ ಜೇಡರ ಬಲೆಯಂಥ ಗೆರೆ. ಮಷೀನಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸೋ ತಟ್ಟೆ) 5 ಇಂಚು. ಜೊತೆಗೆ ಬಂದ ಉಣ್ಣೆ ಬಾನೆಟ್‌ಗೇ ಕಾಂಪೌಂಡ್ (ಗೆರೆ ತೆಗೆಯೋ ಪೇಸ್ಟ್) ಹಾಕಿ ಉಜ್ಜಬಹುದಾ?

ಉತ್ತರ 1: ಬೇಡ ಸರ್. ಬಾನೆಟ್ ಅಂದ್ರೆ ಪ್ಯಾಡಿಗೆ ತೊಡಿಸೋ ಸಡಿಲ ಟೋಪಿ. ಜಾರಾಡುತ್ತೆ, ಒತ್ತಡ ಸಮನಾಗಿ ಬೀಳಲ್ಲ. ಒಣಗಿದ ವ್ಯಾಕ್ಸ್ ಒರೆಸೋಕಷ್ಟೇ ಇಟ್ಕೊಳ್ಳಿ, ಅದೂ ಮೈಕ್ರೋಫೈಬರ್‌ದು. ನಿಮಗೆ ಬೇಕಿರೋದು 5.5 ಇಂಚಿನ ಫೋಮ್ ಪ್ಯಾಡ್‌ಗಳು: ಪಾಲಿಶಿಂಗ್ (ಮಧ್ಯಮ) ಮೂರು, ಕಟಿಂಗ್ (ಗಡಸು, ಆಳದ ಗೆರೆಗೆ) ಎರಡು, ಫಿನಿಶಿಂಗ್ (ಮೆತ್ತನೆ, ಕೊನೆಯ ಹೊಳಪಿಗೆ) ಒಂದು. ಪ್ಯಾಡಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಕಿತ್ತಳೆ ಗಡಸು, ಇನ್ನೊಂದರದು ಮಧ್ಯಮ. ಮೊದಲು ಎರಡಡಿ ಚದರ ಜಾಗದಲ್ಲಿ ಪಾಲಿಶಿಂಗ್ ಪ್ಯಾಡ್ ಆಡಿಸಿ ನೋಡಿ. ಗೆರೆ ಉಳಿದರೆ ಮಾತ್ರ ಕಟಿಂಗ್.

ಉತ್ತರ 2: ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ. ಕೆಲಸ ಮಾಡುವಾಗ ಆ ಗೆರೆ ಸುತ್ತುತ್ತಿರಬೇಕು. ನಿಂತಿತು ಅಂದ್ರೆ ಒತ್ತಿದ್ದು ಜಾಸ್ತಿ, ಇಲ್ಲಾ ಪ್ಯಾಡ್ ಓರೆಯಾಗಿದೆ. ಮಷೀನು ಬರೀ ನಡುಗುತ್ತೆ, ಕಾರಿನ ಮೇಲಿನ ಗೆರೆ ಹೋಗಲ್ಲ. ಕಾಂಪೌಂಡ್ ಬಟಾಣಿ ಕಾಳಿನಷ್ಟು 4 ಹನಿ ಸಾಕು. ಪ್ರತಿ ಭಾಗ ಮುಗಿದ ಮೇಲೆ ಬ್ರಷ್‌ನಿಂದ ಪ್ಯಾಡ್ ಕೆದಕಿ, ಇಲ್ಲದಿದ್ರೆ ಪುಡಿ ಗಟ್ಟಿಯಾಗಿ ಹೊಸ ಗೀರು ಬೀಳುತ್ತೆ.

ಪ್ರಶ್ನೆ ಕೇಳಿದವರು: ಒಂದೇ ಪ್ಯಾಡಲ್ಲಿ ಇಡೀ ಕಾರು ಆಗಲ್ವಾ?

ಉತ್ತರ 1: ಆಗಲ್ಲ. ಫೋಮ್ ನೆನೆದು ಕಾದು ಮೆತ್ತಗಾಗುತ್ತೆ, ವೆಲ್ಕ್ರೋ ಅಂಟು ಬಿಡುತ್ತೆ. ಕೈಗೆ ಬಿಸಿ ತಾಗಿದರೆ ಬದಲಿಸಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಫೋಮ್ ಕೆಳಗೆ, ವೆಲ್ಕ್ರೋ ಮೇಲೆ ಬರುವಂತೆ ನೆರಳಲ್ಲಿ ಒಣಗಿಸಿ.