ಪ್ರಶ್ನೋತ್ತರ: ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಮೀನಿನ ಉಸಿರಾಟ

ತೊಟ್ಟಿಯಲ್ಲಿ ಮೀನು ಸಾಕುವ ಸದಸ್ಯೆ: ನಮಸ್ಕಾರ ಮೇಡಂ. ರಾತ್ರಿ ಸದ್ದಾಗುತ್ತದೆಂದು ಗಾಳಿ ಪಂಪನ್ನು ನಿಲ್ಲಿಸುತ್ತೇವೆ. ತೊಟ್ಟಿಯಲ್ಲಿ ಗಿಡಗಳು ದಟ್ಟವಾಗಿ ಬೆಳೆದಿವೆ. ಇದರಿಂದ ಏನಾದರೂ ತೊಂದರೆಯಿದೆಯೇ?

ಜಲಜೀವಿ ತಜ್ಞೆ: ನಮಸ್ಕಾರ. ದಯವಿಟ್ಟು ನಿಲ್ಲಿಸಬೇಡಿ. ಗಿಡಗಳು ಬೆಳಕಿರುವಾಗ ಮಾತ್ರ ಆಮ್ಲಜನಕವನ್ನು ಬಿಡುತ್ತವೆ. ಉಸಿರಾಟಕ್ಕೆ ಹಗಲೂ ರಾತ್ರಿಯೂ ಬಳಸುತ್ತವೆ. ಗಿಡಗಳು ದಟ್ಟವಾಗಿದ್ದಷ್ಟೂ ರಾತ್ರಿಯ ಬಳಕೆ ಹೆಚ್ಚು.

ಕೊಳದಲ್ಲಿ ಗೆಂಡೆ ಸಾಕುವ ಸದಸ್ಯರು: ನಮ್ಮ ಕೊಳದ ವಿಸ್ತೀರ್ಣ 400 ಚದರ ಮೀಟರ್, ಆಳ 1.5 ಮೀಟರ್. ಕೆಲವು ದಿನಗಳಿಂದ ಮೋಡ ಕವಿದಿದೆ. ಕಡು ಹಸಿರಾಗಿದ್ದ ನೀರು ನಿನ್ನೆಯಿಂದ ಕಂದಾಗುತ್ತಿದೆ, ಕೊಳೆತ ವಾಸನೆಯೂ ಬರುತ್ತಿದೆ. ಇಂದು ಬೆಳಗಿನ ಜಾವ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದವು. ದೊಡ್ಡ ಗೆಂಡೆಗಳು ಕೆಲವು ಸತ್ತಿವೆ, ಮರಿಗಳು ಓಡಾಡುತ್ತಿವೆ. ಕರಗಿದ ಆಮ್ಲಜನಕ ಅಳೆಯುವ ಮೀಟರ್ ಲೀಟರಿಗೆ 1.4 ಮಿಲಿಗ್ರಾಂ ತೋರಿಸಿತು. ಒಂದು ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಮೇಲೆ ಸುಟ್ಟ ಸುಣ್ಣ ಎರಚಿದರೆ ಗಂಟೆಯೊಳಗೆ ಸರಿಹೋಗುತ್ತದೆ ಎಂಬ ಸಂದೇಶವೊಂದು ಬಂದಿದೆ. ಮಾಡಲೇ?

ತಜ್ಞೆ: ಎರಡನ್ನೂ ಮಾಡಬೇಡಿ. ಮೊದಲು ಮಾಡಬೇಕಾದದ್ದನ್ನು ಹೇಳುತ್ತೇನೆ, ಆಮೇಲೆ ಕಾರಣ. ಮೇವು ಹಾಕುವುದನ್ನು ಈಗಲೇ ನಿಲ್ಲಿಸಿ, ಏಕೆಂದರೆ ತಿಂದದ್ದನ್ನು ಜೀರ್ಣಿಸಿಕೊಳ್ಳಲು ಮೀನಿಗೆ ಇನ್ನಷ್ಟು ಆಮ್ಲಜನಕ ಬೇಕು, ತಿನ್ನದೆ ಉಳಿದದ್ದು ಕೊಳೆಯುವುದಕ್ಕೂ ಆಮ್ಲಜನಕ ಖರ್ಚಾಗುತ್ತದೆ. ನೀರಿಗೆ ಗಾಳಿ ಬೆರೆಸುವ ಯಂತ್ರ (ಏರೇಟರ್) ಇದ್ದರೆ ಓಡಿಸಿ. ಇಲ್ಲದಿದ್ದರೆ ಕೊಳದ ಮೇಲ್ಭಾಗದ ನೀರನ್ನೇ ಪಂಪಿನಿಂದ ಎತ್ತಿ ಗಾಳಿಯಲ್ಲಿ ಚಿಮ್ಮಿಸಿ. ಪಂಪಿನ ಬಾಯಿ ತಳದ ಕೆಸರಿನ ಹತ್ತಿರ ಹೋಗಬಾರದು. ಅಲ್ಲಿನ ಆಮ್ಲಜನಕವಿಲ್ಲದ ನೀರೂ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಮೇಲೆದ್ದರೆ ಉಳಿದ ಮೀನುಗಳೂ ಉಳಿಯಲಾರವು. ಬಾವಿಯ ನೀರು ಬಿಡುವುದಾದರೆ ಅದನ್ನೂ ಚಿಮ್ಮಿಸಿಯೇ ಬಿಡಿ, ನೆಲದಡಿಯ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರಬಹುದು.

ಈಗ ಕಾರಣ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಅದೇ ಗಾಳಿಗೆ ಒಡ್ಡಿಕೊಂಡ ಸಿಹಿನೀರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 7.6 ಮಿಲಿಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ 9.1, 0 ಡಿಗ್ರಿಯಲ್ಲಿ 14.6. ನೀರು ಬೆಚ್ಚಗಾದಂತೆ ಅದರ ಹಿಡಿತ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಮೀನಿನ ಅಗತ್ಯ ಏರುತ್ತದೆ. ನಿಮ್ಮ 600 ಘನ ಮೀಟರ್ ನೀರು 30 ಡಿಗ್ರಿಯಲ್ಲಿದ್ದರೆ, ಸಂತೃಪ್ತವಾದಾಗಲೂ, ಅಂದರೆ ಹಿಡಿದಿಡಬಲ್ಲಷ್ಟನ್ನೂ ಹಿಡಿದಿದ್ದಾಗಲೂ, ಅದರಲ್ಲಿ ಇರುವುದು ಸುಮಾರು ನಾಲ್ಕೂವರೆ ಕಿಲೋಗ್ರಾಂ ಆಮ್ಲಜನಕ. ಈಗ ಉಳಿದಿರುವುದು 840 ಗ್ರಾಂ. ಅದರಲ್ಲಿ ಮೀನು, ಪಾಚಿ, ಬ್ಯಾಕ್ಟೀರಿಯಾ ಮೂರೂ ಪಾಲು ಕೇಳುತ್ತಿವೆ. ಪಾಚಿಯಿಂದ ಕಡು ಹಸಿರಾದ ನೀರು ಬಿಸಿಲಿನ ಮಧ್ಯಾಹ್ನ ಆಮ್ಲಜನಕವನ್ನು ಸಂತೃಪ್ತಿಗಿಂತಲೂ ಮೇಲಕ್ಕೆ ಒಯ್ಯುತ್ತದೆ, ರಾತ್ರಿ ಅದನ್ನು ತಾನೇ ಇಳಿಸುತ್ತದೆ; ಆದ್ದರಿಂದಲೇ ಅತಿ ಕಡಿಮೆ ಅಳತೆ ಸಿಗುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ಮೋಡದ ದಿನಗಳಲ್ಲಿ ಉತ್ಪಾದನೆ ಕುಸಿದು ಬಳಕೆ ಹಾಗೆಯೇ ಮುಂದುವರಿದಿದೆ. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಬಣ್ಣ ಕಂದಾದದ್ದು. ಪಾಚಿ ಒಟ್ಟಾಗಿ ಸಾಯುತ್ತಿರುವಂತಿದೆ. ಹಾಗಾದರೆ ನಾಳೆ ಬಿಸಿಲು ಬಂದರೂ ಆಮ್ಲಜನಕ ಕೊಡುವವರಿರುವುದಿಲ್ಲ, ಕೊಳೆಯುವ ಪಾಚಿ ಇರುವುದನ್ನೂ ಕಬಳಿಸುತ್ತದೆ. ದೊಡ್ಡ ಮೀನುಗಳು ಮೊದಲು ಸತ್ತದ್ದೂ ಆಮ್ಲಜನಕದ ಕೊರತೆಯನ್ನೇ ಸೂಚಿಸುತ್ತದೆ.

ಇನ್ನು ಆ ಸಂದೇಶ. ಔಷಧಿ ಅಂಗಡಿಯ 3% ಪೆರಾಕ್ಸೈಡಿನ ಒಂದು ಲೀಟರಿನಿಂದ ಬಿಡುಗಡೆಯಾಗುವುದು ಸುಮಾರು 14 ಗ್ರಾಂ ಆಮ್ಲಜನಕ. ನಿಮ್ಮ ಕೊಳದಲ್ಲಿ ಅದು ಲೀಟರಿಗೆ 0.02 ಮಿಲಿಗ್ರಾಂ ಏರಿಕೆ. ಹೆಚ್ಚು ಸುರಿದರೆ ಕಿವಿರುಗಳು ಸುಡುತ್ತವೆ. ಸುಣ್ಣ ನೀರಿನ ಕ್ಷಾರತೆಯನ್ನು ಏರಿಸಿ, ಪಾಚಿ ಕೊಳೆತು ಬಂದ ಅಮೋನಿಯಂ ಅನ್ನು ವಿಷಕಾರಿ ಅಮೋನಿಯವಾಗಿ ಬದಲಿಸುತ್ತದೆ. ಇದನ್ನು ಬರೆದವರು ಕೊಳದ ಅಳತೆಯನ್ನೂ ಕೇಳಿಲ್ಲ. ಇಂತಹವನ್ನು ಮುಂದೆ ಕಳುಹಿಸಬೇಡಿ.

ಹೊಸ ಸದಸ್ಯರು: ರಾತ್ರಿ ಪಂಪ್ ನಿಲ್ಲಿಸಬಹುದೇ?

ತಜ್ಞೆ: ಬೇಡ. ಮೊದಲ ಉತ್ತರವನ್ನು ಓದಿ.

ಹಿರಿಯ ಸದಸ್ಯರು: ನನಗೊಂದು ಮೂಲಭೂತ ಸಂದೇಹ. ತೂಕದ ಲೆಕ್ಕದಲ್ಲಿ ನೀರಿನ ಸುಮಾರು 89% ಆಮ್ಲಜನಕವೇ ಆಗಿರುವಾಗ ಮೀನಿಗೆ ಕೊರತೆ ಹೇಗಾಗುತ್ತದೆ?

ವಿದ್ಯಾರ್ಥಿನಿ: ಆ ಆಮ್ಲಜನಕ ಜಲಜನಕದೊಂದಿಗೆ ಬಂಧಿತವಾಗಿದೆ ಸರ್. ಮೀನು ಉಸಿರಾಡುವುದು ನೀರಿನ ಅಣುಗಳ ನಡುವೆ ಬಿಡಿಯಾಗಿ ಕರಗಿರುವ ಆಮ್ಲಜನಕದ ಅಣುಗಳನ್ನು.

ಹಿರಿಯ ಸದಸ್ಯರು: ಗಿಡಗಳು ನೀರನ್ನು ಒಡೆಯುತ್ತವೆ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಗಿಡಕ್ಕೆ ಸಾಧ್ಯವಾದದ್ದು ಮೀನಿಗೆ ಏಕೆ ಸಾಧ್ಯವಿಲ್ಲ?

ವಿದ್ಯಾರ್ಥಿನಿ: ಗಿಡಕ್ಕೆ ಬೆಳಕಿನ ಶಕ್ತಿ ಸಿಗುತ್ತದೆ. ಗಿಡ ಬಿಡುವ ಆಮ್ಲಜನಕ ನೀರಿನಿಂದಲೇ ಬರುತ್ತದೆ ಎಂಬುದಕ್ಕೆ 1941ರಲ್ಲಿ ಭಾರವಾದ ಆಮ್ಲಜನಕ-18 ಬಳಸಿ ಮಾಡಿದ ಪ್ರಯೋಗವಿದೆ. ಮೀನಿನಲ್ಲಿ ಅಂತಹ ವ್ಯವಸ್ಥೆಯೇ ಇಲ್ಲ.

ಹಿರಿಯ ಸದಸ್ಯರು: ಕೇಳಿದ್ದು ತಜ್ಞರನ್ನು. ನಿಮ್ಮಿಂದ ಪಾಠ ಬೇಕಿರಲಿಲ್ಲ.

ಶಾಲಾ ಶಿಕ್ಷಕರು: ವಾದದ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಕೆರೆಯ ನೀರನ್ನು ಮಕ್ಕಳೊಂದಿಗೆ, ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದಲ್ಲಿ ಪರೀಕ್ಷಿಸಿದೆವು. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಿದಾಗ ಮೇಲ್ಭಾಗದ ನೀರಿನ ಸೀಸೆಯಲ್ಲಿ ಕಂದು ಚರಟ ಬಂತು. ಐದು ಮೀಟರ್ ಆಳದ ನೀರಿನಲ್ಲಿ ಬಿಳಿಯಾಗಿಯೇ ಉಳಿಯಿತು. ರಾಸಾಯನಿಕ ಹಾಳಾಗಿದೆಯೇ?

ತಜ್ಞೆ: ಹಾಳಾಗಿಲ್ಲ, ಹಾಳಾಗಿದ್ದರೆ ಮೇಲಿನ ಸೀಸೆಯಲ್ಲೂ ಕಂದು ಬರುತ್ತಿರಲಿಲ್ಲ. ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ಈ ವಿಧಾನದ ಸೊಗಸೇ ಅದು: ಮ್ಯಾಂಗನೀಸ್ ಹೈಡ್ರಾಕ್ಸೈಡ್ ಬಿಳಿ, ಅದಕ್ಕೆ ಆಮ್ಲಜನಕ ತಾಗಿದರೆ ಕಂದು. ಮಕ್ಕಳು ಕಣ್ಣಾರೆ ಕಂಡದ್ದು ಆಮ್ಲಜನಕವಿಲ್ಲದ ನೀರನ್ನು, ಮತ್ತು ಬಿಳಿಯಾಗಿಯೇ ಉಳಿದದ್ದರಿಂದ ಅವರು ಗುಳ್ಳೆ ಸೇರದಂತೆ ಸೀಸೆಯನ್ನು ಎಚ್ಚರಿಕೆಯಿಂದ ತುಂಬಿದ್ದಾರೆ ಎಂದೂ ತಿಳಿಯುತ್ತದೆ. ಮೇಲಿನ ಬೆಚ್ಚಗಿನ ಹಗುರ ನೀರು ಕೆಳಗಿನ ತಣ್ಣನೆಯ ಭಾರದ ನೀರಿನೊಂದಿಗೆ ಬೆರೆಯದೆ ಪದರವಾಗಿ ನಿಂತಾಗ, ತಳಕ್ಕೆ ಗಾಳಿಯ ಸಂಪರ್ಕ ತಪ್ಪುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ನೀರು ಕಲಕದ ಹೊರತು ಅದು ತಳವನ್ನು ತಲುಪುವುದಿಲ್ಲ. ಕೆಸರಿನ ಬ್ಯಾಕ್ಟೀರಿಯಾ ಮಾತ್ರ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಬಿರುಗಾಳಿ ಮಳೆಗೆ ಈ ಪದರಗಳು ಒಮ್ಮೆಲೇ ಬೆರೆತರೆ ಇಡೀ ಕೆರೆಯ ಮೀನು ಸಾಯಬಹುದು. ಬೇರೆ ಬೇರೆ ಆಳದ ನೀರನ್ನು ತೆಗೆದು, ಬಿಳಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಅವರಿಂದಲೇ ಗುರುತಿಸಿ.

ಸೀಗಡಿ ಸಾಕುವ ಸದಸ್ಯರು: ಪೊರೆ ಕಳಚುವಾಗ ಸೀಗಡಿಗಳಿಗೆ ಹೆಚ್ಚು ಆಮ್ಲಜನಕ ಬೇಕೇ?

ತೊಟ್ಟಿಯ ಸದಸ್ಯೆ: ಕುದಿಸಿ ಆರಿಸಿದ ಶುದ್ಧ ನೀರು ಹಾಕಿದರೆ ಮೀನಿಗೆ ಒಳ್ಳೆಯದು ಎಂದು ಇನ್ನೊಂದು ಗುಂಪಿನಲ್ಲಿ ಓದಿದೆ.

ತಜ್ಞೆ: ಕುದಿಸಿದಾಗ ಕರಗಿದ ಅನಿಲಗಳೆಲ್ಲ ಹೊರಹೋಗುತ್ತವೆ. ಆ ನೀರಿಗೆ ಮೀನನ್ನು ಬಿಟ್ಟರೆ ಉಸಿರುಗಟ್ಟುತ್ತದೆ. ಓದಿದ್ದನ್ನೆಲ್ಲ ಮೀನಿನ ಮೇಲೆ ಪ್ರಯೋಗಿಸಬೇಡಿ.

ಹಿರಿಯ ಸದಸ್ಯರು: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ತಜ್ಞೆ: ಬಂದಿದೆ. ವಿದ್ಯಾರ್ಥಿನಿ ಹೇಳಿದ್ದು ಪೂರ್ತಿ ಸರಿ, ಅದಕ್ಕೆ ನಾನು ಸೇರಿಸಬೇಕಾದದ್ದಿಲ್ಲ. ವಯಸ್ಸಿನ ಮಾತು ಇಲ್ಲಿ ಬೇಡ.

ಹಿರಿಯ ಸದಸ್ಯರು: ಇಲ್ಲಿ ಪ್ರಶ್ನೆ ಕೇಳುವುದೇ ತಪ್ಪೆಂದಾಯಿತು.

ವಿದ್ಯಾರ್ಥಿನಿ: ಪ್ರಶ್ನೆ ತಪ್ಪಲ್ಲ. ಉತ್ತರ ಸಿಕ್ಕ ಮೇಲೂ ಒಪ್ಪದಿರುವುದು ತಪ್ಪು.

ಕೊಳದ ಸದಸ್ಯರು: ಮೇಡಂ, ಪಂಪ್ ಹಾಕಿ ನೀರು ಚಿಮ್ಮಿಸುತ್ತಿದ್ದೇವೆ. ಮಧ್ಯಾಹ್ನದ ಅಳತೆ 3.1. ಮೀನುಗಳು ಕೆಳಗಿಳಿದಿವೆ. ರಾತ್ರಿ ನಿಲ್ಲಿಸಬಹುದೇ?

ತಜ್ಞೆ: ಖಂಡಿತ ನಿಲ್ಲಿಸಬೇಡಿ. ಮಧ್ಯಾಹ್ನಕ್ಕೇ 3.1 ಎಂದರೆ ಪಾಚಿ ಸತ್ತಿರುವುದು ಬಹುತೇಕ ಖಚಿತ. ಆರೋಗ್ಯವಂತ ಕೊಳದಲ್ಲಿ ಈ ಹೊತ್ತಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚಿರಬೇಕಿತ್ತು. ರಾತ್ರಿ ಹತ್ತಕ್ಕೆ, ಎರಡಕ್ಕೆ, ಐದಕ್ಕೆ ಅಳೆದು ಇಲ್ಲಿ ಬರೆಯಿರಿ. 2ಕ್ಕಿಂತ ಕೆಳಗಿಳಿದರೆ ಇನ್ನೊಂದು ಪಂಪ್ ತರಿಸಿ.

ಹೊಸ ಸದಸ್ಯರು: ಸುಣ್ಣ ಸ್ವಲ್ಪವೇ ಹಾಕಿದರೆ?

ತಜ್ಞೆ: ಬೇಡ.