ಬಿಇ ಮೊದಲ ವರ್ಷದ ವಿದ್ಯಾರ್ಥಿ ವೇತನ: ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ, ಮುಂದಿನ ವರ್ಷ ತಪ್ಪದಂತೆ ಏನು ಮಾಡಬೇಕು?

ಕೇಳಿದವರು (ಹಿರೇಕೆರೂರು ತಾಲ್ಲೂಕು): ತಂಗಿಗೆ ಸಿಇಟಿಯಲ್ಲಿ ದಾವಣಗೆರೆಯ ಕಾಲೇಜೊಂದರಲ್ಲಿ ಬಿಇ ಸೀಟು ಸಿಕ್ಕಿದೆ. ಪ್ರವರ್ಗ 2ಎ. ಅಪ್ಪ ಎರಡು ಎಕರೆಯಲ್ಲಿ ಮೆಕ್ಕೆಜೋಳ ಬೆಳೀತಾರೆ, ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಎಸ್ಸೆಸ್ಸೆಲ್ಸಿ, ಪಿಯು ಎರಡೂ ಸರ್ಕಾರಿಯಲ್ಲೇ ಓದಿದ್ದು. ಯಾವ ಯಾವ ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕಬಹುದು, ಎಲ್ಲಿ ತಪ್ಪಾಗುತ್ತೆ, ನಾಲ್ಕು ವರ್ಷವೂ ಬರಬೇಕಂದ್ರೆ ಏನು ಮಾಡಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಕಾಲೇಜು ಕಚೇರಿಯಲ್ಲಿ ವಿದ್ಯಾರ್ಥಿ ವೇತನ ವಿಭಾಗ ನೋಡಿಕೊಳ್ಳುವವರು: ಅರ್ಹತೆ ಇಲ್ಲದೆ ಹಣ ತಪ್ಪುವುದು ಕಡಿಮೆ. ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ ತಪ್ಪುವುದೇ ಹೆಚ್ಚು. ಹಾಗಾಗಿ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿ ವೇತನ ಪೋರ್ಟಲ್) ತೆರೆಯುವ ಮೊದಲು ನಾಲ್ಕು ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಳ್ಳಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ನಾಲ್ಕರಲ್ಲೂ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಅಂಕಪಟ್ಟಿಯಲ್ಲಿ 'ಕಾವ್ಯ ಬಿ' ಅಂತಿದ್ದು ಆಧಾರ್‌ನಲ್ಲಿ 'ಕಾವ್ಯ ಬಸವರಾಜ' ಅಂತಿದ್ದರೆ ನಮ್ಮ ಕಣ್ಣಿಗೆ ಇಬ್ಬರೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ತಿದ್ದುವುದಕ್ಕೂ ಒಂದು ಕ್ರಮ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸಬೇಕಂದ್ರೆ ಶಾಲೆ, ಮಂಡಳಿ ಅಂತ ಓಡಾಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ಅದನ್ನು ಮುಟ್ಟದೆ ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ, ಆದ್ದರಿಂದ ಮೊದಲ ಸಲವೇ ಸರಿಯಾಗಿ ಬರೆಸಿ. ಆಧಾರ್ ಸರಿಯಾದ ಮೇಲೆ ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ, ಆಮೇಲೆ ಬ್ಯಾಂಕ್, ಕೊನೆಗೆ ಎಸ್‌ಎಸ್‌ಪಿ. ಈ ಕ್ರಮ ತಲೆಕೆಳಗಾದರೆ ಒಂದೇ ಕಾಗದವನ್ನು ಎರಡೆರಡು ಸಲ ಮಾಡಿಸಬೇಕಾಗುತ್ತೆ.

ಪ್ರಮಾಣಪತ್ರದಲ್ಲಿ ಮೂರು ಸಂಗತಿ ನೋಡಿ. ಒಂದು, ಆರ್‌ಡಿ ಸಂಖ್ಯೆ: RD ಆದ ಮೇಲೆ 13 ಅಂಕಿ, ಅಕ್ಷರ-ಅಂಕಿ ಸೇರಿ ಒಟ್ಟು 15. ನಡುವಿನ ಸೊನ್ನೆಯೊಂದು ಬಿಟ್ಟುಹೋಗುವುದು ದಿನನಿತ್ಯದ ತಪ್ಪು. ಎರಡು, ಚಾಲ್ತಿ ಅವಧಿ. 2ಎಗೆ ಕೊಡುವ ಜಾತಿ-ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತೆ. ಪಿಯು ಸೇರುವಾಗ ಮಾಡಿಸಿದ್ದಾದರೆ ಬಿಇ ನಡುವೆಯೇ ಅವಧಿ ಮುಗಿಯುತ್ತೆ, ಅದನ್ನು ಈಗಲೇ ಲೆಕ್ಕಹಾಕಿ. ಮೂರು, ಅದು ರಾಜ್ಯದ ನಮೂನೆಯೇ ಎಂಬುದು. ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆ ನಮೂನೆ, ಎಸ್‌ಎಸ್‌ಪಿಗೆ ಅದು ನಡೆಯುವುದಿಲ್ಲ. 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್, ಪ್ರವರ್ಗ-1ಕ್ಕೆ ನಮೂನೆ-ಇ, ಎಸ್‌ಸಿ-ಎಸ್‌ಟಿಗೆ ನಮೂನೆ-ಡಿ. ಆದಾಯ ಮಿತಿ ಪ್ರವರ್ಗಕ್ಕೂ ಯೋಜನೆಗೂ ತಕ್ಕಂತೆ ಬದಲಾಗುತ್ತೆ, ಆ ವರ್ಷದ ಪ್ರಕಟಣೆ ನೋಡಿಯೇ ಹೊರಡಿ.

ಇನ್ನು ಇ-ದೃಢೀಕರಣ. ವ್ಯಾಸಂಗ ಪ್ರಮಾಣಪತ್ರ, ಶುಲ್ಕ ರಸೀದಿ ಮುಂತಾದವನ್ನು ಕಾಲೇಜಿನಲ್ಲಿ ನೇಮಿಸಿದ ಅಧಿಕಾರಿ ಮೂಲ ಪ್ರತಿ ನೋಡಿ ಡಿಜಿಟಲ್ ಸಹಿ ಹಾಕುತ್ತಾರೆ. ಆಗ ಬರುವ ಗುರುತಿನ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು. ಕೊನೆಯ ವಾರ ಆ ಒಬ್ಬ ಅಧಿಕಾರಿಯ ಮುಂದೆ ಇಡೀ ಕಾಲೇಜೇ ನಿಂತಿರುತ್ತೆ, ಹಾಗಾಗಿ ಪ್ರವೇಶದ ತಿಂಗಳಲ್ಲೇ ಮುಗಿಸಿಬಿಡಿ. ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ, ಉಳಿದದ್ದು ಬೇರೆ ಅಂತ ಬಿಡಿಸಿ ಬರೆಸಿಕೊಳ್ಳಿ. ಒಟ್ಟು ಮೊತ್ತದ ಒಂದೇ ಸಾಲಿನ ರಸೀದಿ ತಂದರೆ ಅದರಲ್ಲಿ ಸರ್ಕಾರದ ಶುಲ್ಕ ಮರುಪಾವತಿಗೆ ಸಲ್ಲುವುದೆಷ್ಟು ಅಂತ ಲೆಕ್ಕ ಸಿಗುವುದಿಲ್ಲ.

ಮೊಬೈಲ್ ಸಂಖ್ಯೆ ತಂಗಿಯದ್ದೇ ಕೊಡಿ. ಸೈಬರ್ ಸೆಂಟರಿನವರ ನಂಬರ್ ಹಾಕಿಸಿಬಿಟ್ಟರೆ ಮುಂದಿನ ವರ್ಷದ ಒಟಿಪಿಗೆ ಅವರ ಅಂಗಡಿ ಬಾಗಿಲು ಕಾಯಬೇಕಾಗುತ್ತೆ. ಎಸ್‌ಎಸ್‌ಪಿ ಐಡಿ, ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡಿ. ನಾಲ್ಕು ವರ್ಷವೂ ಅದೇ ಐಡಿ.

ಬ್ಯಾಂಕಿನಲ್ಲಿ ಕೆಲಸ ಮಾಡುವವರು: ಬ್ಯಾಂಕಿನ ಭಾಗ ನಾನು ಹೇಳ್ತೀನಿ. ಖಾತೆಗೆ ಆಧಾರ್ 'ಲಿಂಕ್' ಆಗಿದೆ ಅಂದಾಕ್ಷಣ ಸರ್ಕಾರದ ಹಣ ಬರುತ್ತೆ ಅಂತಲ್ಲ. ಕೆವೈಸಿಗೆ (ಗ್ರಾಹಕರ ಗುರುತಿನ ದಾಖಲೆಗೆ) ಆಧಾರ್ ಕೊಟ್ಟಿರುವುದು ಒಂದು, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಆಧಾರ್ ಸಂಖ್ಯೆಯ ಎದುರು ನಿಮ್ಮ ಬ್ಯಾಂಕಿನ ಹೆಸರು ಕೂತಿರುವುದು ಇನ್ನೊಂದು. ಡಿಬಿಟಿ ಹಣ, ಅಂದರೆ ಸರ್ಕಾರ ನೇರ ಖಾತೆಗೆ ಹಾಕುವ ಹಣ, ಹೋಗುವುದು ಈ ಎರಡನೆಯದನ್ನು ನೋಡಿ. ಒಂದು ಆಧಾರಿಗೆ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದೇ ಉಳಿಯುತ್ತೆ. ಸಿಮ್ ತಗೊಳ್ಳುವಾಗಲೋ ಇನ್ನಾವುದೋ ಆ್ಯಪ್‌ಗಾಗಿಯೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಒಪ್ಪಿಗೆ ಕೊಟ್ಟಿದ್ದರೆ ಹಣ ಅಲ್ಲಿಗೇ ಹೋಗಿ ಕೂತಿರುತ್ತೆ. ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಥಿತಿ' ನೋಡಿ. ಬ್ಯಾಂಕಿನ ಹೆಸರು ಮತ್ತು 'ಆ್ಯಕ್ಟಿವ್' ಅಂತ ಬರಬೇಕು. ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಶಾಖೆಯಲ್ಲಿ ಡಿಬಿಟಿಗಾಗಿ ಆಧಾರ್ ಸೀಡಿಂಗ್ ಒಪ್ಪಿಗೆ ಅರ್ಜಿ ಕೊಡಿ, ಕೆಲವು ದಿನ ಬಿಟ್ಟು ಮತ್ತೆ ಅಲ್ಲೇ ನೋಡಿ.

ಇನ್ನೊಂದು ಯಾರೂ ಗಮನಿಸದ ಸಂಗತಿ: ಪೂರ್ಣ ಕೆವೈಸಿ ಇಲ್ಲದ 'ಸ್ಮಾಲ್ ಅಕೌಂಟ್'. ಅದರಲ್ಲಿ ಯಾವಾಗಲೂ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ಸರ್ಕಾರದ ನೆರವಿನ ಹಣಕ್ಕೆ ಆ 50,000ದ ಮಿತಿಯಿಂದ ವಿನಾಯಿತಿ ಇದೆ, ಆದರೆ ಬೇರೆ ಕಡೆಯ ಹಣದಿಂದ ಮಿತಿ ದಾಟಿದರೆ ಜಮೆಯಾಗದೆ ವಾಪಸ್ ಹೋಗಬಹುದು. ಹೈಸ್ಕೂಲಿನಲ್ಲಿದ್ದಾಗ ಅಪ್ರಾಪ್ತರ ಹೆಸರಲ್ಲಿ ತೆರೆದ ಖಾತೆಗೂ ಮಿತಿ ಇರುತ್ತೆ. 18 ತುಂಬಿದ ಕೂಡಲೇ ಸಹಿ, ಫೋಟೊ ಹೊಸದಾಗಿ ಕೊಟ್ಟು ಪೂರ್ಣ ಕೆವೈಸಿ ಮಾಡಿಸಿ.

ಎನ್‌ಎಸ್‌ಪಿ ಪರಿಶೀಲನೆ ಮಾಡುವ ಸಂಸ್ಥಾ ನೋಡಲ್ ಅಧಿಕಾರಿ: ಎಸ್‌ಎಸ್‌ಪಿ ರಾಜ್ಯದ್ದು, ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲ್) ಕೇಂದ್ರದ್ದು. ಒಂದರಲ್ಲಿ ಹಾಕಿದ ಅರ್ಜಿ ಇನ್ನೊಂದಕ್ಕೆ ಹೋಗುವುದಿಲ್ಲ. ನಿಮ್ಮ ತಂಗಿ ಮೊದಲು ನೋಡಬೇಕಾದ್ದು ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ) ಪ್ರಗತಿ ಯೋಜನೆ: ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಬಿಇ ಮೊದಲ ವರ್ಷಕ್ಕೆ, ಅಥವಾ ಲ್ಯಾಟರಲ್ ಎಂಟ್ರಿಯಲ್ಲಿ (ಡಿಪ್ಲೊಮಾ ಮುಗಿಸಿ ನೇರವಾಗಿ) ಎರಡನೇ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರಿಗೆ ಮಾತ್ರ. ಮೊದಲ ವರ್ಷ ಅರ್ಜಿ ಹಾಕದವರು ಎರಡನೇ ವರ್ಷ ಹೊಸದಾಗಿ ಸೇರಿಕೊಳ್ಳಲು ಆಗಲ್ಲ, ಇದೊಂದು ಮಾತ್ರ ದಯವಿಟ್ಟು ಮುಂದೂಡಬೇಡಿ.

ಪಿಯುನಲ್ಲಿ ಮಂಡಳಿಯ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ನೂರು ಜನರಲ್ಲಿ ಮೇಲಿನ ಇಪ್ಪತ್ತರೊಳಗೆ), ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿ ವೇತನಕ್ಕೂ ಅರ್ಹತೆ ಇದೆ. ಮೊದಲ ಮೂರು ವರ್ಷ 12,000, ಬಿಇಯ ನಾಲ್ಕನೇ ವರ್ಷ 20,000. ಬೇರೆ ವಿದ್ಯಾರ್ಥಿ ವೇತನ ಪಡೆಯುವವರಿಗೆ ಇದು ಇಲ್ಲ. ಹಾಗಾಗಿ ಎಲ್ಲದಕ್ಕೂ ಕಣ್ಣುಮುಚ್ಚಿ ಅರ್ಜಿ ಹಾಕಬೇಡಿ. ಅರ್ಜಿಯಲ್ಲಿರುವ ಘೋಷಣೆ ಓದಿ, ಯಾವುದರಲ್ಲಿ ಹೆಚ್ಚು ಸಿಗುತ್ತೆ ಅಂತ ಲೆಕ್ಕಹಾಕಿ, ಆಮೇಲೆ ಟಿಕ್ ಹಾಕಿ.

ಎನ್‌ಎಸ್‌ಪಿಗೆ ಮೊದಲು ಒಟಿಆರ್, ಅಂದರೆ ಒಂದೇ ಸಲದ ನೋಂದಣಿ ಆಗಬೇಕು. ಇದರಲ್ಲಿ ಮೊಬೈಲ್ ಮುಂದೆ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡಬೇಕು. ಆಧಾರ್‌ನಲ್ಲಿ ಏಳೆಂಟು ವರ್ಷದ ಮಗುವಿನ ಫೋಟೊ ಇದ್ದರೆ ಮುಖ ತಾಳೆಯಾಗುವುದಿಲ್ಲ. 15 ತುಂಬಿದ ಮೇಲೆ ಮಾಡಿಸಲೇಬೇಕಾದ ಬಯೋಮೆಟ್ರಿಕ್ ನವೀಕರಣ ಆಗಿದೆಯೋ ಇಲ್ಲವೋ ನೋಡಿ.

ಅರ್ಜಿ ಸಲ್ಲಿಸಿದ ಮೇಲೆ ವಾರಕ್ಕೊಮ್ಮೆ ಸ್ಥಿತಿ ನೋಡುತ್ತಿರಿ. 'ಡಿಫೆಕ್ಟಿವ್' ಅಂತ ಬಂದರೆ ಗಾಬರಿ ಬೇಡ, ತಿದ್ದಿ ಮತ್ತೆ ಕಳಿಸಿ ಅಂತ ಅದರ ಅರ್ಥ. ಆದರೆ ಅದಕ್ಕೂ ಕೊನೆಯ ದಿನ ಇರುತ್ತೆ. 'ರಿಜೆಕ್ಟ್' ಅಂದರೆ ಆ ವರ್ಷಕ್ಕೆ ಮುಗಿಯಿತು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹೆಸರು ನೋಡಿದೆ, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ಅದನ್ನು ಮೊದಲು ಸರಿಮಾಡಿಸ್ತೀವಿ. ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ ಸಿಗುತ್ತಾ? ಹಾಸ್ಟೆಲ್ ಸಿಗದಿದ್ದರೆ ಏನು ದಾರಿ?

ರೈತ ಸಂಪರ್ಕ ಕೇಂದ್ರದ ಕೆಲಸ ಬಲ್ಲವರು: ಅಣ್ಣಾ, ನಿಮಗೆ ತೊಡಕಿರುವುದು ಪಹಣಿಯಲ್ಲೇ. ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಹೆಸರಲ್ಲಿ ಫ್ರೂಟ್ಸ್ (ರೈತರ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆ, ನಾವು ಎಫ್‌ಐಡಿ ಅನ್ನೋದು, ಇರಬೇಕು. ಪಹಣಿ ಅಜ್ಜನ ಹೆಸರಲ್ಲಿದ್ದರೆ ಆ ಸರ್ವೆ ನಂಬರ್ ಅಪ್ಪನ ಎಫ್‌ಐಡಿಗೆ ಸೇರುವುದಿಲ್ಲ. ಅಜ್ಜ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಿ. ಇದ್ದಾರೆಂದರೆ ವಿಭಾಗವೋ ದಾನಪತ್ರವೋ ಆಗಬೇಕು. ಖಾತೆ ಆದ ಮೇಲೆ ಆಧಾರ್, ಪಹಣಿ, ಪಾಸ್‌ಬುಕ್ ತಗೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಎಫ್‌ಐಡಿ ಮಾಡಿಕೊಡ್ತಾರೆ. 2021ರಲ್ಲಿ ಯೋಜನೆ ಶುರುವಾದಾಗ ನಿಗದಿಯಾದ ದರದಂತೆ ಬಿಇಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000. ಬಿಎ, ಬಿಕಾಂ, ಬಿಎಸ್ಸಿಗೆ 5,000 ಮತ್ತು 5,500. ಈ ವರ್ಷ ಸಿಗದಿದ್ದರೂ ಖಾತೆ ಬದಲಾವಣೆ ಈಗಲೇ ಶುರುಮಾಡಿ, ಮುಂದಿನ ಮೂರು ವರ್ಷಕ್ಕಾದರೂ ಆಗುತ್ತೆ.

ಹಿಂದುಳಿದ ವರ್ಗಗಳ ಹಾಸ್ಟೆಲ್ ವ್ಯವಸ್ಥೆ ಗೊತ್ತಿರುವವರು: ಹಾಸ್ಟೆಲಿಗೆ ಎಸ್‌ಎಸ್‌ಪಿ ಅಲ್ಲ, ರಾಜ್ಯ ವಿದ್ಯಾರ್ಥಿ ನಿಲಯ ಪೋರ್ಟಲ್, ಎಸ್‌ಎಚ್‌ಪಿ. ದಿನಾಂಕಗಳೂ ಬೇರೆ. ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ: ಊಟ-ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳು, ವರ್ಷಕ್ಕೆ 15,000 ಅಂತ ಶುರುವಾದ ಯೋಜನೆ. ಸರ್ಕಾರಿ ಹಾಸ್ಟೆಲ್ ಮತ್ತು ವಿದ್ಯಾಸಿರಿ ಎರಡೂ ಒಟ್ಟಿಗೆ ಇಲ್ಲ. ವರ್ಷದ ನಡುವೆ ಹಾಸ್ಟೆಲ್ ಸಿಕ್ಕಿತು ಅಂದರೆ ಕಚೇರಿಗೆ ಲಿಖಿತವಾಗಿ ತಿಳಿಸಿ, ಇಲ್ಲದಿದ್ದರೆ ಎರಡೂ ಕಡೆ ಹೆಸರು ಕಂಡು ಅರ್ಜಿ ನಿಂತುಹೋಗುತ್ತೆ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಅಂದಿರಲ್ಲ, ಹಾಗಾದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹುಡುಗಿಯರಿಗೆ ಕೊಡುವ ವಿದ್ಯಾರ್ಥಿ ವೇತನಕ್ಕೂ ಹಾಕಿ. ವರ್ಷಕ್ಕೆ 30,000, ಪದವಿ ಮುಗಿಯುವವರೆಗೆ. ಇದಕ್ಕೂ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು.

ಇನ್ನೊಬ್ಬರು: ಎಸ್‌ಸಿ ವಿದ್ಯಾರ್ಥಿಗಳೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಕೇಂದ್ರದ ಮೆಟ್ರಿಕ್ ನಂತರದ ಯೋಜನೆಯಲ್ಲಿ (ಆದಾಯ ಮಿತಿ 2.5 ಲಕ್ಷ) ಬಿಇಯಂಥ ವೃತ್ತಿಪರ ಪದವಿಗೆ ವರ್ಷದ ಶೈಕ್ಷಣಿಕ ಭತ್ಯೆ ಹಾಸ್ಟೆಲಿನಲ್ಲಿರುವವರಿಗೆ 13,500, ಮನೆಯಿಂದ ಹೋಗಿಬರುವವರಿಗೆ 7,000. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೇ ಬೀಳುತ್ತೆ, ಅದರಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತೆ. ಹಣ ಬಂದ ದಿನ ಅದರಲ್ಲಿ ಶುಲ್ಕ ಎಷ್ಟು, ಭತ್ಯೆ ಎಷ್ಟು ಅಂತ ಕಚೇರಿಯಲ್ಲಿ ಕೇಳಿ, ಶುಲ್ಕ ಕಟ್ಟಿ ರಸೀದಿ ತಗೊಳ್ಳಿ. ಮನೆ ಖರ್ಚಿಗೆ ಕರಗಿತೆಂದರೆ ಪರೀಕ್ಷೆ ಹೊತ್ತಿಗೆ ಬಾಕಿ ತಲೆಯ ಮೇಲೆ ಬಂದು ಕೂರುತ್ತೆ.

ಕಾಲೇಜು ಕಚೇರಿಯವರು (ಮತ್ತೆ): ನವೀಕರಣದ ಬಗ್ಗೆ ಕೇಳಿದ್ದಿರಿ. ತಾನಾಗಿಯೇ ಏನೂ ಮುಂದುವರಿಯುವುದಿಲ್ಲ, ಎಸ್‌ಎಸ್‌ಪಿಯಲ್ಲೂ ಎನ್‌ಎಸ್‌ಪಿಯಲ್ಲೂ ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ಎನ್‌ಎಸ್‌ಪಿಯಲ್ಲಿ 'ರಿನ್ಯೂವಲ್' ಆರಿಸಿ. ಎರಡನೇ ವರ್ಷ 'ಫ್ರೆಶ್' ಅಂತ ಹಾಕಿದ ಅರ್ಜಿ ಉಳಿಯುವುದಿಲ್ಲ. ಪ್ರಗತಿಗೆ ಮುಂದಿನ ವರ್ಷಕ್ಕೆ ತೇರ್ಗಡೆಯಾದ ಬಗ್ಗೆ ಕಾಲೇಜಿನ ಪತ್ರ ಬೇಕು. ಕೇಂದ್ರ ವಲಯದ ಯೋಜನೆಗೆ 50% ಅಂಕ, 75% ಹಾಜರಾತಿ ಎರಡೂ ಬೇಕು. ಆರೋಗ್ಯ ಸರಿಯಿಲ್ಲದೆ ತರಗತಿ ತಪ್ಪಿದರೆ ವೈದ್ಯರ ಚೀಟಿ ಆಗಲೇ ವಿಭಾಗಕ್ಕೆ ಕೊಟ್ಟಿಡಿ. ಸೆಮಿಸ್ಟರ್ ಮುಗಿದ ಮೇಲೆ ಹಿಂದಿನ ತಾರೀಖಿಗೆ ಯಾರೂ ತಿದ್ದಿಕೊಡುವುದಿಲ್ಲ. ಒಂದೆರಡು ವಿಷಯ ಬಾಕಿ ಇದ್ದೂ ಮೇಲಿನ ವರ್ಷಕ್ಕೆ ಹೋದವರು ಅರ್ಜಿಯನ್ನೇ ಬಿಟ್ಟುಬಿಡುತ್ತಾರೆ, ಹಾಗೆ ಮಾಡಬೇಡಿ, ಆಯಾ ಯೋಜನೆಯ ನಿಯಮ ನೋಡಿ ಹಾಕಿ. ಅದೇ ವರ್ಷವನ್ನು ಮತ್ತೆ ಓದಬೇಕಾದರೆ ಮಾತ್ರ ಆ ವರ್ಷಕ್ಕೆ ಸಿಗುವುದಿಲ್ಲ.

ಸೀಟು ಎಸ್‌ಎನ್‌ಕ್ಯು (ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಕೋಟಾ) ಅಡಿಯಲ್ಲಿ ಸಿಕ್ಕಿದ್ದರೆ ಹೇಳಿ. ಅದರಲ್ಲಿ ಬೋಧನಾ ಶುಲ್ಕ ಮಾತ್ರ ಮಾಫಿ, ಉಳಿದದ್ದು ಕಟ್ಟಬೇಕು. ನಡುವೆ ಕಾಲೇಜು ಅಥವಾ ಬ್ರಾಂಚ್ ಬದಲಿಸುವಂತಿಲ್ಲ.

ಬ್ಯಾಂಕಿನವರು: ಇಷ್ಟಾಗಿಯೂ ಸಾಲ ಬೇಕಾದರೆ ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೋ ಮೊದಲು ನೋಡಿ. ಇದ್ದರೆ ಅಡಮಾನ, ಜಾಮೀನು ಎರಡೂ ಬೇಡ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿ ವೇತನ, ಬಡ್ಡಿ ನೆರವು ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದುವಾಗ ಮತ್ತು ಆಮೇಲಿನ ಒಂದು ವರ್ಷ 3% ಬಡ್ಡಿ ರಿಯಾಯಿತಿ ಇದೆ. ಪಟ್ಟಿಯಲ್ಲಿ ಇಲ್ಲದಿದ್ದರೂ ಮಾಮೂಲಿ ಶಿಕ್ಷಣ ಸಾಲ ಇದ್ದೇ ಇದೆ: 4 ಲಕ್ಷದವರೆಗೆ ನಿಮ್ಮ ಪಾಲಿನ ಹಣ ಹಾಕಬೇಕಿಲ್ಲ, 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಸಿಇಟಿ ಸೀಟು ಹಂಚಿಕೆ ಪತ್ರ, ನಾಲ್ಕು ವರ್ಷದ ಶುಲ್ಕ ವಿವರ ಇರುವ ಕಾಲೇಜಿನ ಪತ್ರ, ಅಪ್ಪನ ಪಾನ್, ಆದಾಯ ಪ್ರಮಾಣಪತ್ರ ಇಷ್ಟು ಜೋಡಿಸಿ ಶಾಖೆಗೆ ಹೋಗಿ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಖರ್ಚನ್ನೂ ಕಾಲೇಜಿನ ಪತ್ರದಲ್ಲೇ ಬರೆಸಿಕೊಂಡು ಬನ್ನಿ. ಮಂಜೂರಾದ ಮೇಲೆ ಸೇರಿಸಲು ಹೊರಟರೆ ಕಡತ ಮತ್ತೆ ಮೊದಲಿಂದ ಓಡಾಡಬೇಕಾಗುತ್ತೆ.