ಪದ ಬೇಕು: 'ಹೆಟರೋಜೀನಿಯಸ್ ಮಲ್ಟಿ-ಟಿಯರ್' (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಕೈಪಿಡಿಯ ಅನುವಾದ ನಾಳೆ ಸಂಜೆಗೆ ಕೊಡಬೇಕು. ಶೀರ್ಷಿಕೆಯಲ್ಲೇ ನಿಂತುಬಿಟ್ಟಿದ್ದೇನೆ. 'ಹೆಟರೋಜೀನಿಯಸ್' ಅಂದರೆ ಬೇರೆ ಬೇರೆ ಬಗೆಯ ಭಾಗಗಳಿರುವ, 'ಮಲ್ಟಿ-ಟಿಯರ್' ಅಂದರೆ ಹಲವು ಹಂತಗಳಲ್ಲಿ ಓಡುವ ವ್ಯವಸ್ಥೆ. ಸಂದರ್ಭ ಇದು: ಬಳಕೆದಾರರ ಕಡೆ ವಿಂಡೋಸ್, ನಡುವೆ ಲಿನಕ್ಸ್ ಮೇಲೆ ಜಾವಾ ಅಪ್ಲಿಕೇಶನ್, ಹಿಂದೆ ಎಐಎಕ್ಸ್ (ಐಬಿಎಂನ ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಂ) ಮೇಲೆ ಓರಕಲ್ ಡೇಟಾಬೇಸ್, ವರದಿಗಳಿಗೆ ಬೇರೆಯಾಗಿ ಇನ್ನೊಂದು ಡೇಟಾಬೇಸ್, ಎಸ್‌ಕ್ಯೂಎಲ್ ಸರ್ವರ್. ಹಾಗಾಗಿ ಓಎಸ್, ಡೇಟಾಬೇಸ್ ಎರಡಕ್ಕೂ ಹೊಂದುವ ಪದ ಬೇಕು. ಸದ್ಯಕ್ಕೆ 'ಕಲಬೆರಕೆ ಬಹುಪದರ ವ್ಯವಸ್ಥೆ' ಎಂದು ಬರೆದಿದ್ದೇನೆ. ಓದಿದರೆ ಕಿರಿಕಿರಿ ಆಗುತ್ತಿದೆ.

---

ಕಲಬೆರಕೆ ಬೇಡವೇ ಬೇಡ. ಕೇಳಿದ ಕೂಡಲೇ ಮೋಸ ನೆನಪಾಗುತ್ತದೆ. 'ವಿಷಮಜಾತೀಯ ಬಹುಸ್ತರೀಯ ವ್ಯವಸ್ಥೆ' ಎಂದು ಬರೆಯಿರಿ. ಪಾರಿಭಾಷಿಕ ಪದಕ್ಕೆ ಸಂಸ್ಕೃತವೇ ಗಟ್ಟಿ. ಚರ್ಚೆಗೆ ಏನೂ ಇಲ್ಲ.

---

ಇದೆ ಸರ್. 'ವಿಷಮ' ಅಂದರೆ ಸರ್ವರ್ ನೋಡಿಕೊಳ್ಳುವವರು ಪರಿಸ್ಥಿತಿ ವಿಷಮಿಸಿದೆ ಅಂದುಕೊಳ್ಳುತ್ತಾರೆ. ಕಲಬೆರಕೆ ತಪ್ಪು, ಒಪ್ಪಿದೆ. ಆದರೆ 'ಬೆರಕೆ'ಯಲ್ಲಿ ಕೀಳೇನೂ ಇಲ್ಲ. 'ಬೆರೆ' ಧಾತುವಿಗೆ 'ಕೆ' ಹತ್ತಿ ಆದದ್ದು. ಜನರೊಡನೆ ಬೆರೆಯುವುದು ಒಳ್ಳೆಯ ಗುಣ ಅಲ್ವಾ?

ಆದರೂ ಇಲ್ಲಿ ಬೆರಕೆ ಕೂಡ ಸಲ್ಲದು. ಬೆರೆತದ್ದು ಒಂದಾಗುತ್ತದೆ. ಇವು ಒಂದಾಗುವುದೇ ಇಲ್ಲ. ಒಂದು ಕಾಲಂ ನೋಡಿ, 'ನಡುಹೆಸರು'. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಖಾಲಿ ಪಠ್ಯ ಬೇರೆ, ನಲ್ (ಬೆಲೆಯೇ ದಾಖಲಾಗಿಲ್ಲ ಎಂಬ ಗುರುತು) ಬೇರೆ. 'ಈ ವ್ಯಕ್ತಿಗೆ ನಡುಹೆಸರು ಇಲ್ಲ' ಎನ್ನಲು ಖಾಲಿ ಪಠ್ಯ, 'ಇದೆಯೋ ಇಲ್ಲವೋ ತಿಳಿಯದು' ಎನ್ನಲು ನಲ್ ಇಡಬಹುದು. ಅದೇ ಸಾಲುಗಳನ್ನು ಓರಕಲ್‌ಗೆ ಸಾಗಿಸಿ. ಅದು ಖಾಲಿ ಪಠ್ಯವನ್ನೂ ನಲ್ ಅಂತಲೇ ಇಟ್ಟುಕೊಳ್ಳುತ್ತದೆ. ಇಲ್ಲ ಮತ್ತು ತಿಳಿಯದು, ಎರಡರ ನಡುವಿನ ವ್ಯತ್ಯಾಸವೇ ಹೋಯಿತು! ಪಕ್ಕಪಕ್ಕ ಇದ್ದೂ ತಮ್ಮ ತಮ್ಮ ರೀತಿ ಬಿಡದವುಗಳಿಗೆ 'ಹಲಬಗೆಯ' ಸರಿಯಾದ ಪದ.

'ಪದರ'ವನ್ನೂ ಬದಲಿಸಿ. ಪದರ ಲೇಯರ್‌ಗೆ ಸರಿ, ಅದು ಕೋಡ್‌ನ ಒಳಗಿನ ವಿಂಗಡಣೆ. ಮೂರು ಪದರಗಳೂ ಒಂದೇ ಯಂತ್ರದಲ್ಲಿ ಇರಬಹುದು. ಟಿಯರ್ ಅಂದರೆ ಬೇರೆ ಬೇರೆ ಕಡೆ ಓಡುವ ಭಾಗಗಳು. ಅದಕ್ಕೆ 'ಅಂತಸ್ತು'.

---

ಅಂತಸ್ತು ಅಂದರೆ ಸ್ಥಾನಮಾನ. ನಡೆಯೋದಿಲ್ಲ. ಸರ್ವರ್, ಡೇಟಾಬೇಸ್ ಅಂತ ಬರೆಯುವಾಗ ಟಿಯರ್‌ಗೆ ಮಾತ್ರ ಯಾಕೆ ಮಡಿ? ಸುಮ್ನೆ ಟಿಯರ್ ಅನ್ನಿ.

---

ಮಡಿ ಅಲ್ಲ. ಸರ್ವರ್ ಬಳಕೆಗೆ ಬಂದಿದೆ, ಬಸ್ಸು, ಬ್ಯಾಂಕು ಬಂದ ಹಾಗೆ. ಅದನ್ನು ಕಿತ್ತುಹಾಕಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಟಿಯರ್ ಇನ್ನೂ ಬಂದಿಲ್ಲ. ಅವಸರದಲ್ಲಿ ಓದಿದರೆ 'ಟೈರ್' ಅನಿಸುತ್ತದೆ. ಮನೆಗೆ ಮೂರು ಅಂತಸ್ತು ಅಂದಾಗ ಯಾರೂ ಸ್ಥಾನಮಾನ ಅಂದುಕೊಳ್ಳುವುದಿಲ್ಲ.

---

ಎಲ್ಲರಿಗೂ ಧನ್ಯವಾದ. 'ಹಲಬಗೆಯ ವೇದಿಕೆಗಳ ಬಹುಅಂತಸ್ತಿನ ವ್ಯವಸ್ಥೆ' ಎಂದು ಹಾಕುತ್ತಿದ್ದೇನೆ. ಉದ್ದ ಜಾಸ್ತಿ ಆಯಿತು, ಆದರೆ ಅರ್ಥ ಕೆಡಲಿಲ್ಲ. ಮೇಲಿನ ಉದಾಹರಣೆ ನೋಡಿದ ಮೇಲೆ ಇನ್ನೊಂದು ತೊಡಕು ಕಂಡಿತು. ನಲ್‌ಗೆ ನಾನು ಎಲ್ಲ ಕಡೆ 'ಶೂನ್ಯ' ಎಂದು ಬರೆದಿದ್ದೇನೆ. ಅದು ಸೊನ್ನೆ ಆಗಿಬಿಡುತ್ತದೆ ಅಲ್ವಾ?